ಡಾಲರ್ ದರ ಕಾಗದದ ಮೇಲಿರಲಿ

ಮಾನ್ಯರೇ,

ಕಾಫಿ ಮಾರಿದ ಹಣದಲ್ಲಿ ಒಂದಿಷ್ಟನ್ನು ಅಮೆರಿಕದ ಷೇರುಗಳಿಗೆ ಹಾಕುವವರು ಈಗ ಕೊಡಗಿನ ಗೋಣಿಕೊಪ್ಪ, ವಿರಾಜಪೇಟೆ ಕಡೆಯೂ ಇದ್ದಾರೆ. ರಿಟರ್ನ್ಸ್ ತುಂಬುವ ಹೊತ್ತಿಗೆ ಅನೇಕರ ಕೈಯಲ್ಲಿರುವುದು ಬ್ರೋಕರ್ ಕಳಿಸಿದ ಸ್ಟೇಟ್‌ಮೆಂಟ್ ಮಾತ್ರ. ಅದರಲ್ಲಿ ಎಲ್ಲವೂ ಡಾಲರ್, ತೆರಿಗೆಯ ಲೆಕ್ಕ ಬೇಕಾದದ್ದು ರೂಪಾಯಿಯಲ್ಲಿ. ರೂಪಾಯಿ ದರ ಕೊಡಿ ಎಂದು ಬ್ರೋಕರ್‌ಗೆ ಎಷ್ಟು ಮೇಲ್ ಬರೆದರೂ ಫಲವಿಲ್ಲ, ಹಣ ಬದಲಿಸಿದ್ದು ಬ್ಯಾಂಕು.

ಪಾಸ್‌ಬುಕ್ಕೂ ಸಾಲದು. ಉದಾಹರಣೆಗೆ 86.40ರ ದರದಲ್ಲಿ 5,000 ಡಾಲರ್ ಕಳಿಸಿದರೆ 4,32,000 ರೂ. ಇದರ ಮೇಲೆ ವಿನಿಮಯದ ಜಿಎಸ್‌ಟಿ 478.80 ರೂ., ಬ್ಯಾಂಕಿನ ಶುಲ್ಕ ಸಾವಿರವಾದರೆ ಜಿಎಸ್‌ಟಿ ಸೇರಿ 1,180 ರೂ. ಒಟ್ಟು 4,33,658.80 ರೂ. ಒಂದೇ ಸಾಲಿನಲ್ಲಿ ಖರ್ಚು ಬಿದ್ದಿದ್ದರೆ, ಭಾಗಿಸಿದವರಿಗೆ 86.73 ಸಿಗುತ್ತದೆ. ನಡುವಿನ ಬ್ಯಾಂಕು 20 ಡಾಲರ್ ಮುರಿದುಕೊಂಡಿದ್ದರೆ 87.08. ಎರಡೂ ತಪ್ಪು. ವರ್ಷಕ್ಕೆ 10 ಲಕ್ಷ ದಾಟಿ ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕು ವಸೂಲಿ ಮಾಡುವ ತೆರಿಗೆ) ಹಿಡಿದಿದ್ದರಂತೂ ಲೆಕ್ಕ ಇನ್ನೂ ಎಡವಟ್ಟು.

ಆದ್ದರಿಂದ ವಿದೇಶಕ್ಕೆ ಹಣ ಕಳಿಸುವ ಎ2 ಫಾರಂ ಕೊಟ್ಟ ದಿನವೇ ಶಾಖೆಗೆ ಬರಹದಲ್ಲಿ ಕೇಳಬೇಕು: ಡಾಲರ್ ಮೊತ್ತ, ದರ, ಶುಲ್ಕ, ಜಿಎಸ್‌ಟಿ, ಟಿಸಿಎಸ್ ಬೇರೆಬೇರೆಯಾಗಿ ತೋರಿಸುವ ಅಡ್ವೈಸ್ (ವಹಿವಾಟಿನ ವಿವರದ ಚೀಟಿ) ಮತ್ತು ಸ್ವಿಫ್ಟ್ (ಬ್ಯಾಂಕುಗಳ ನಡುವಿನ ಹಣ ರವಾನೆ ಸಂದೇಶ) ಪ್ರತಿ. ಅರ್ಜಿ ಇಲ್ಲಿ ಕೊಟ್ಟರೂ ಡಾಲರ್ ಮಾಡುವ ಕೆಲಸ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ನಡೆಯುವುದುಂಟು. ಆರು ತಿಂಗಳ ಮೇಲೆ ಕೇಳಿದರೆ ಇಲ್ಲಿಯವರು ಅಲ್ಲಿಗೆ, ಅಲ್ಲಿಯವರು ಇಲ್ಲಿಗೆ ಕೈ ತೋರಿಸುತ್ತಾರೆ. ಡಾಲರ್ ಮರಳಿ ಬಂದಾಗ ಇನ್‌ವರ್ಡ್ ರೆಮಿಟೆನ್ಸ್ ಅಡ್ವೈಸ್ ಪಡೆಯಬೇಕು.

ಇಷ್ಟಾದರೂ ಇದು ಬ್ಯಾಂಕು ಹಣ ಬದಲಿಸಿದ ದರದ ದಾಖಲೆ ಮಾತ್ರ, ತೆರಿಗೆಗೆ ಬೇಕಾದ ದರ ಇದಲ್ಲ! ಆದಾಯ ತೆರಿಗೆ ನಿಯಮಗಳು (2026ರ ಮಾರ್ಚ್‌ವರೆಗಿನ ಆದಾಯಕ್ಕೆ 1962ರ ನಿಯಮಗಳ 115ನೇ ನಿಯಮ) ಕೇಳುವುದು ಸ್ಟೇಟ್ ಬ್ಯಾಂಕಿನ ಟಿಟಿ ಖರೀದಿ ದರವನ್ನು, ಅಂದರೆ ತಂತಿ ಮೂಲಕ ಬಂದ ಡಾಲರನ್ನು ಬ್ಯಾಂಕು ಕೊಳ್ಳುವ ದರವನ್ನು. ಷೇರು ಮಾರಿದ್ದು ಮಾರ್ಚ್‌ನಲ್ಲಾದರೆ ಫೆಬ್ರವರಿ ಕೊನೆಯ ದಿನದ್ದು. ಡಿವಿಡೆಂಡಿಗೂ ಹೀಗೆಯೇ ಹಿಂದಿನ ತಿಂಗಳದ್ದು. ಮಾರಿದ ಹಣ ಬ್ರೋಕರ್ ಖಾತೆಯಲ್ಲೇ ಉಳಿದು ಮತ್ತೊಂದು ಷೇರಿಗೆ ಹೋದರೆ ಬ್ಯಾಂಕಿನ ಕಾಗದವೇ ಹುಟ್ಟುವುದಿಲ್ಲ, ತೆರಿಗೆ ಮಾತ್ರ ಹುಟ್ಟುತ್ತದೆ. ಆಗ ಕೈಹಿಡಿಯುವುದು ಈ ದರ ಒಂದೇ. ವಿದೇಶಿ ಆಸ್ತಿಯ ಷೆಡ್ಯೂಲ್ ಎಫ್‌ಎ ತುಂಬಲು ಕೊಂಡ ದಿನದ, ಅತಿ ಹೆಚ್ಚು ಮೌಲ್ಯವಿದ್ದ ದಿನದ ಮತ್ತು ಡಿಸೆಂಬರ್ 31ರ ದರವೂ ಬೇಕು, ಅಲ್ಲಿ ಲೆಕ್ಕ ಕ್ಯಾಲೆಂಡರ್ ವರ್ಷದ್ದು.

ಸ್ಟೇಟ್ ಬ್ಯಾಂಕಿನ ದರಪಟ್ಟಿ ದಿನಾ ಬದಲಾಗುತ್ತದೆ. ತಿಂಗಳ ಕೊನೆಯ ಕೆಲಸದ ದಿನ ಅದರ ಪಿಡಿಎಫ್ ಇಳಿಸಿಕೊಂಡು ದಿನಾಂಕದ ಹೆಸರಿಟ್ಟು ಉಳಿಸಿದರೆ, ಷೆಡ್ಯೂಲ್ ಎಫ್‌ಎಗೆ ಬೇಕಾದ ಬೇರೆ ದಿನಗಳದ್ದು ಬಿಟ್ಟು, ವರ್ಷಕ್ಕೆ ಹನ್ನೆರಡೇ ಕಡತ. ಕಕ್ಕಡ ತಿಂಗಳ ಮಳೆಗೆ ಕರೆಂಟು, ನೆಟ್ಟು ಎರಡೂ ಕೈಕೊಟ್ಟ ದಿನ ಹಳೆಯ ದರ ಹುಡುಕುತ್ತ ಕೂರುವುದು ತಪ್ಪುತ್ತದೆ.

ದರ ನಮೂದಿಸಿದ ಅಡ್ವೈಸನ್ನು ಗ್ರಾಹಕರು ಕೇಳುವ ಮೊದಲೇ ಇಮೇಲ್ ಮಾಡುವುದನ್ನು ಜಿಲ್ಲೆಯ ಬ್ಯಾಂಕ್ ಶಾಖೆಗಳು ರೂಢಿ ಮಾಡಿಕೊಳ್ಳಲಿ. ಇದಕ್ಕೆ ಹೊಸ ಸುತ್ತೋಲೆಯೇನೂ ಬೇಕಿಲ್ಲ.

– ಒಬ್ಬ ತೆರಿಗೆ ಸಲಹೆಗಾರ, ವಿರಾಜಪೇಟೆ