‘ಅರ್ಧ ಗಂಟೆ ಆಯ್ತು ಸಾರ್’ ಅಂದರೆ ಎಷ್ಟು ನಿಮಿಷ?

ಮಾನ್ಯ ಸಂಪಾದಕರೇ,

ಅಪಘಾತದ ಸುದ್ದಿ ಓದುವಾಗಲೆಲ್ಲ ಒಂದು ಸಾಲು ಕಣ್ಣಿಗೆ ಬೀಳುತ್ತದೆ. ‘ಅರ್ಧ ಗಂಟೆಯಾದರೂ ಆಂಬುಲೆನ್ಸ್ ಬರಲಿಲ್ಲ ಎಂದು ಪ್ರತ್ಯಕ್ಷದರ್ಶಿಗಳು ದೂರಿದರು.’ ಬೆಂಕಿ ಬಿದ್ದರೆ ಅಗ್ನಿಶಾಮಕ ದಳ ಬರಲು ಇಪ್ಪತ್ತು ನಿಮಿಷ, ಹೊಡೆದಾಟವಾದರೆ ‘ಹತ್ತು ನಿಮಿಷ ಹೊಡೆದರು’. ಹನ್ನೊಂದು ನಿಮಿಷ, ಹದಿನೇಳು ನಿಮಿಷ ಅಂತ ಯಾರಾದರೂ ಹೇಳಿದ್ದನ್ನು ಓದಿದ್ದೀರಾ? ಹೆಚ್ಚುಕಮ್ಮಿ ಎಲ್ಲವೂ ಐದರ ಮಗ್ಗಿಯೇ. ಗಡಿಯಾರ ನೋಡಿ ಹೇಳಿದ ಲೆಕ್ಕ ಇದಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಅವರು ಸುಳ್ಳು ಹೇಳುತ್ತಾರೆ ಅಂತ ನನ್ನ ಮಾತಿನ ಅರ್ಥವಲ್ಲ. ಅವರಿಗೆ ಅಷ್ಟು ಹೊತ್ತು ಅನ್ನಿಸಿದ್ದು ನಿಜ. ಆದರೆ ಅನ್ನಿಸಿದ್ದು ಅಚ್ಚಾಗುವ ಹೊತ್ತಿಗೆ ಗಡಿಯಾರದ ನಿಮಿಷವಾಗಿಬಿಡುತ್ತದೆ, ಮರುದಿನ ಅದೇ ಅಂಕಿ ಹಿಡಿದುಕೊಂಡು ಜನ ಜಗಳಕ್ಕೆ ನಿಲ್ಲುತ್ತಾರೆ. ನನ್ನ ತಕರಾರು ಇರುವುದು ಅಲ್ಲಿ.

1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಮತ್ತು ಜೊತೆಗಾರರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಜನರಿಗೆ ಬ್ಯಾಂಕ್ ದರೋಡೆಯ ಒಂದು ವಿಡಿಯೊ ತೋರಿಸಿ, ಎಷ್ಟು ಹೊತ್ತು ನಡೆಯಿತು ಅಂತ ಆಮೇಲೆ ಕೇಳಿದರು. ವಿಡಿಯೊ ಇದ್ದದ್ದು 30 ಸೆಕೆಂಡ್. ಜನ ಹೇಳಿದ್ದರ ಸರಾಸರಿ ಸುಮಾರು ಎರಡೂವರೆ ನಿಮಿಷ! ಕುರ್ಚಿಯಲ್ಲಿ ಆರಾಮಾಗಿ ಕೂತು, ಯಾವ ಅಪಾಯವೂ ಇಲ್ಲದೆ ನೋಡಿದವರ ಲೆಕ್ಕವೇ ಐದು ಪಟ್ಟು ಹಿಗ್ಗಿದ್ದರೆ, ಕಣ್ಣೆದುರು ರಕ್ತ ನೋಡಿದವರ ಪಾಡೇನು?

ಯಾಕೆ ಹೀಗೆ ಅಂದರೆ, ನಮ್ಮ ತಲೆಯಲ್ಲಿ ನಿಮಿಷ ಎಣಿಸಿ ಬರೆದಿಡುವ ಒಂದೇ ಒಂದು ಗಡಿಯಾರ ಇಲ್ಲ. ನಿದ್ದೆ, ಎಚ್ಚರದ ಲಯ ನೋಡಿಕೊಳ್ಳಲು ಮಿದುಳಿನಲ್ಲಿ ಒಂದು ಸಣ್ಣ ಭಾಗ ಇದೆ, ಅದು ದಿನದ ಲೆಕ್ಕ. ‘ಎಷ್ಟು ಹೊತ್ತಾಯ್ತು’ ಅನ್ನುವ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ. ಆ ಉತ್ತರ ಬಹುಪಾಲು ಎರಡು ಕಡೆಯಿಂದ ಬರುತ್ತದೆ. ಕಾಯುತ್ತಿರುವಾಗ ಗಮನದಿಂದ, ಮುಗಿದ ಮೇಲೆ ನೆನಪಿನಿಂದ.

ಆಂಬುಲೆನ್ಸ್‌ಗೆ ಕಾಯುವವರನ್ನೇ ನೋಡಿ. ಕಣ್ಣು ರಸ್ತೆಯ ತಿರುವಿನಲ್ಲಿ. ದೂರದಲ್ಲಿ ಹಾರ್ನ್ ಕೇಳಿದರೂ ಕುತ್ತಿಗೆ ಆ ಕಡೆ. ಫೋನ್ ತೆಗೆದು ನೋಡುತ್ತಾರೆ, ಒಳಗಿಡುತ್ತಾರೆ, ಮತ್ತೆ ತೆಗೆಯುತ್ತಾರೆ. ಕೆಳಗೆ ಬಿದ್ದವನು ನರಳಿದಾಗ ‘ಬಂತು, ಬಂತು’ ಅಂತ ಸಮಾಧಾನ ಹೇಳಿ, ಮತ್ತೆ ತಿರುವಿನ ಕಡೆ ನೋಡುತ್ತಾರೆ. ಅವರ ಗಮನವೆಲ್ಲ ಹೊತ್ತಿನ ಮೇಲೇ ನೆಟ್ಟಿರುತ್ತದೆ, ಹಾಗೆ ನೆಟ್ಟಾಗ ಹೊತ್ತು ಎಳೆಯುತ್ತದೆ. ಆಮೇಲೆ ವರದಿಗಾರರು ಬಂದು ಕೇಳಿದಾಗ ಆ ನರಳಾಟ, ಆ ಹಾರ್ನ್, ಆ ಫೋನ್ ಎಲ್ಲ ಒಂದೊಂದಾಗಿ ನೆನಪಿಗೆ ಬರುತ್ತವೆ. ಇಷ್ಟೆಲ್ಲ ನಡೆಯಬೇಕಾದರೆ ಅರ್ಧ ಗಂಟೆಯಾದರೂ ಆಗಿರಲೇಬೇಕಲ್ವಾ ಅಂತ ಮನಸ್ಸು ತಾನೇ ತೀರ್ಮಾನ ಮಾಡಿಬಿಡುತ್ತದೆ.

ಭಯವಾದಾಗ ಕಾಲ ನಿಜವಾಗಿಯೂ ನಿಧಾನವಾಗುತ್ತದೆ, ಎಲ್ಲ ಸ್ಲೋ ಮೋಷನ್‌ನಲ್ಲಿ ಕಾಣುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ. ಇದನ್ನೂ ಪರೀಕ್ಷೆ ಮಾಡಿದವರಿದ್ದಾರೆ. ಡೇವಿಡ್ ಈಗಲ್‌ಮನ್ ಎಂಬ ನರವಿಜ್ಞಾನಿ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರನ್ನು 31 ಮೀಟರ್ ಎತ್ತರದಿಂದ ಹಗ್ಗಪಗ್ಗ ಏನೂ ಇಲ್ಲದೆ ಕೆಳಗಿನ ಬಲೆಗೆ ಬೀಳಿಸಿದರು. (ಒಪ್ಪಿಕೊಂಡವರ ಧೈರ್ಯ ಮೆಚ್ಚಬೇಕು.) ಕೈಗೆ ಒಂದು ಸಣ್ಣ ಪರದೆ ಕಟ್ಟಿದ್ದರು. ಅದರಲ್ಲಿ ಅಂಕಿಗಳು ಮಾಮೂಲಿ ಕಣ್ಣಿಗೆ ಹಿಡಿಯಲಾಗದಷ್ಟು ಬೇಗ ಬದಲಾಗುತ್ತಿದ್ದವು. ಕಾಲ ನಿಜಕ್ಕೂ ನಿಧಾನವಾಗುವುದಾದರೆ ಬೀಳುತ್ತಾ ಆ ಅಂಕಿ ಓದಬಹುದಿತ್ತು. ಅದು ಆಗಲಿಲ್ಲ. ಆದರೂ ಮುಗಿದ ಮೇಲೆ, ಬೇರೆಯವರು ಬಿದ್ದದ್ದಕ್ಕಿಂತ ತಾವು ಬಿದ್ದದ್ದು ಸರಾಸರಿ 36 ಶೇಕಡಾ ಜಾಸ್ತಿ ಹೊತ್ತು ಅಂತ ಅಂದಾಜು ಕೊಟ್ಟರು. ಭಯದಲ್ಲಿ ನೆನಪು ದಟ್ಟವಾಗಿ ಕೂರುತ್ತದೆ, ದಟ್ಟವಾದ ನೆನಪನ್ನು ನಾವು ಉದ್ದದ ಹೊತ್ತು ಅಂತ ಓದಿಕೊಳ್ಳುತ್ತೇವೆ ಅಂತ ಅವರು ವಿವರಿಸಿದರು.

ಹಾಗಾದರೆ ಜನ ಹೇಳಿದ್ದನ್ನು ಐದರಿಂದ ಭಾಗಿಸಿಬಿಟ್ಟರೆ ಆಯಿತು ಅಂತ ಯಾರಾದರೂ ಕೇಳಬಹುದು. ಅದೂ ನಡೆಯುವುದಿಲ್ಲ, ಏಕೆಂದರೆ ಮನಸ್ಸು ಕಡಿಮೆಯೂ ಎಣಿಸುತ್ತದೆ. 1962ರಲ್ಲಿ ಫ್ರಾನ್ಸಿನ ಭೂವಿಜ್ಞಾನಿ ಮಿಶೆಲ್ ಸಿಫ್ರ್ ಪ್ರಯೋಗಕ್ಕೆಂದು ಆಲ್ಪ್ಸ್ ಪರ್ವತದ ಒಂದು ಗುಹೆಯೊಳಗೆ ಗಡಿಯಾರವಿಲ್ಲದೆ, ಬಿಸಿಲು ಕಾಣದೆ ಎರಡು ತಿಂಗಳು ಇದ್ದ. ಆಗ ಅವನಿಗೆ 23 ವರ್ಷ. ಸೆಪ್ಟೆಂಬರ್ 14ರಂದು ಪ್ರಯೋಗ ಮುಗಿದಾಗ ಅವನ ಲೆಕ್ಕದಲ್ಲಿ ಇನ್ನೂ ಆಗಸ್ಟ್ 20. ಇಪ್ಪತ್ತೈದು ದಿನ ಎಲ್ಲಿ ಹೋಯಿತೋ ಅವನಿಗೇ ಗೊತ್ತಿಲ್ಲ! ಒಳಗಿದ್ದಾಗ ಫೋನಿನಲ್ಲಿ ಸೆಕೆಂಡಿಗೆ ಒಂದರಂತೆ 120ರವರೆಗೆ ಎಣಿಸು ಅಂದರೆ ಐದು ನಿಮಿಷ ತೆಗೆದುಕೊಂಡಿದ್ದ. ಕತ್ತಲೆಯಲ್ಲಿ ಒಂದು ದಿನವನ್ನು ಇನ್ನೊಂದರಿಂದ ಬೇರೆ ಮಾಡುವಂಥದ್ದು ಏನೂ ನಡೆಯದಿದ್ದರೆ ನೆನಪಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಇನ್ನು ಜ್ವರ ಬಂದವರ ಕಥೆ ಉಲ್ಟಾ, ಮೈ ಬಿಸಿ ಏರಿದಷ್ಟೂ ಎಣಿಕೆ ಬೇಗ ಬೇಗ ಆಗುತ್ತದೆ ಅಂತ 1930ರ ದಶಕದಲ್ಲೇ ಹಡ್ಸನ್ ಹೋಗ್ಲಂಡ್ ಎಂಬ ವಿಜ್ಞಾನಿ ಬರೆದಿದ್ದಾರೆ.

ನಂಬಿಕೆ ಬರದಿದ್ದರೆ ಸೆಕೆಂಡ್ ಮುಳ್ಳು ಟಕ್ ಟಕ್ ಅಂತ ಹಾರುವ ಗಡಿಯಾರದ ಕಡೆ ತಟ್ಟನೆ ಕಣ್ಣು ಹೊರಳಿಸಿ. ಕೆಲವು ಸಲ ಮೊದಲ ಸೆಕೆಂಡ್ ಉಳಿದವಕ್ಕಿಂತ ಉದ್ದ ಅನ್ನಿಸುತ್ತದೆ, ಗಡಿಯಾರ ನಿಂತೇಹೋಗಿದೆಯೇನೋ ಅನ್ನುವಷ್ಟು. ಕಣ್ಣು ಹೊರಳುವಾಗಿನ ಖಾಲಿ ಜಾಗವನ್ನು ಮಿದುಳು ಆಮೇಲೆ ಕಂಡ ಚಿತ್ರದಿಂದ ತುಂಬಿಕೊಳ್ಳುವುದರಿಂದ ಹೀಗಾಗುತ್ತದೆ. ಗಡಿಯಾರವನ್ನೇ ನೋಡುತ್ತಾ ಒಂದು ಸೆಕೆಂಡನ್ನು ಸರಿಯಾಗಿ ಅಳೆಯಲಾಗದವರು ನಾವು.

ಆಂಬುಲೆನ್ಸ್‌ನವರ ಪರವಾಗಿ ವಕಾಲತ್ತು ಹಾಕುತ್ತಿದ್ದೇನೆ ಅಂತ ದಯವಿಟ್ಟು ತಿಳಿಯಬೇಡಿ. ತಡವಾಗಿದ್ದರೆ ಖಂಡಿತ ಬರೆಯಿರಿ, ಜೋರಾಗಿಯೇ ಬರೆಯಿರಿ. ಆದರೆ ‘ಎಷ್ಟು ಹೊತ್ತಾಯ್ತು’ ಅಂತ ಸುಮ್ನೆ ಕೇಳಿ ಬರೆದುಕೊಳ್ಳುವ ಬದಲು, ಸಹಾಯಕ್ಕೆ ಕರೆ ಮಾಡಿದ ಫೋನನ್ನೇ ತೋರಿಸಿ ಅನ್ನಿ. ಕರೆ ಹೋದ ಸಮಯ ಅದರಲ್ಲೇ ಇರುತ್ತದೆ. ಈಗ ಎಲ್ಲರೂ ವಿಡಿಯೊ ಮಾಡುತ್ತಾರೆ, ಅದರಲ್ಲೂ ಸಮಯ ದಾಖಲಾಗಿರುತ್ತದೆ. ವಾಹನ ಬಂದ ಸಮಯ ಆಂಬುಲೆನ್ಸ್ ಸೇವೆಯವರ ದಾಖಲೆಯಲ್ಲಿ ಸಿಗಬೇಕು, ಸಿಗದಿದ್ದರೆ ಅದೇ ಒಂದು ಸುದ್ದಿ. ಇದ್ಯಾವುದೂ ಸಿಗಲಿಲ್ಲ ಅಂದರೆ ‘ಅರ್ಧ ಗಂಟೆಯಾದಂತೆ ಅನ್ನಿಸಿತು ಎಂದು ಸ್ಥಳದಲ್ಲಿದ್ದವರು ಹೇಳಿದರು’ ಅಂತ ಬರೆಯಿರಿ. ಒಂದೆರಡು ಪದ ಜಾಸ್ತಿಯಾಗುತ್ತದೆ, ಅಷ್ಟೇ.

ಇಂತಿ,
ನಿಮ್ಮ ಪತ್ರಿಕೆಯ ಒಬ್ಬ ಓದುಗ