ಕ್ಯಾನ್ಸರ್ ಗೆದ್ದ ಮಕ್ಕಳ ಕೈಗೊಂದು ಹಾಳೆ ಕೊಡಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ನಮಸ್ಕಾರಗಳು.

ಮಕ್ಕಳ ಕ್ಯಾನ್ಸರ್ ಎಂದ ಕೂಡಲೇ ಎಲ್ಲರೂ ಮಾತಾಡುವುದು ಚಿಕಿತ್ಸೆಯ ಖರ್ಚಿನ ಬಗ್ಗೆ. ಅದಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದೆ, ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ನನ್ನ ಅಹವಾಲು ಗುಣವಾಗಿ ಮನೆಗೆ ಹೋದ ಮಕ್ಕಳದ್ದು. ನಾನೂ ಅವರಲ್ಲೊಬ್ಬಳು. ಎಂಟನೇ ವಯಸ್ಸಿನಲ್ಲಿ ಬ್ಲಡ್ ಕ್ಯಾನ್ಸರ್ ಬಂದು ವಾಸಿಯಾಯಿತು. ಈಗ ಹಾವೇರಿ ಜಿಲ್ಲೆಯಲ್ಲಿ ಶಾಲಾ ಶಿಕ್ಷಕಿ.

ನಮ್ಮ ವಾರ್ಡಿನ ತಾಯಂದಿರು ಒಂದು ಔಷಧಿಯನ್ನು ‘ಕೆಂಪು ಔಷಧಿ’ ಅಂತಲೇ ಕರೆಯುತ್ತಿದ್ದರು. ಡಾಕ್ಸೋರುಬಿಸಿನ್. ಅದು ಏರಿದ ದಿನ ಮೂತ್ರವೂ ಕೆಂಪಗೆ ಹೋಗುತ್ತಿತ್ತು. ನನ್ನ ಜೀವ ಉಳಿಸಿದ ಔಷಧಿಗಳಲ್ಲಿ ಅದೂ ಒಂದು. ಆದರೆ ಅದು ಹೃದಯದ ಸ್ನಾಯುವನ್ನು ದುರ್ಬಲಗೊಳಿಸಬಲ್ಲದು, ಆ ಪರಿಣಾಮ ಹತ್ತಿಪ್ಪತ್ತು ವರ್ಷ ಕಳೆದ ಮೇಲೂ ತಲೆದೋರಬಹುದು. ಒಟ್ಟು ಡೋಸ್ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 250 ಮಿಲಿಗ್ರಾಂ ದಾಟಿದರೆ ಅಪಾಯ ಹೆಚ್ಚು, ಎದೆಗೆ ರೇಡಿಯೇಶನ್ ಕೂಡ ಕೊಟ್ಟಿದ್ದರೆ ಇನ್ನೂ ಹೆಚ್ಚು.

ನನಗೆಷ್ಟು ಕೊಟ್ಟಿದ್ದರು? ಹೇಳಲು ದಾಖಲೆಯೇ ಇಲ್ಲ. ಗಂಡಿನ ಕಡೆಯವರು ನೋಡಲು ಬರುವ ಹಿಂದಿನ ದಿನ ನನ್ನಜ್ಜಿ ಫೈಲನ್ನು ಬಚ್ಚಲ ಒಲೆಗೆ ಹಾಕಿದರು. “ಹುಡುಗಿ ಆರಾಮ ಆಗ್ಯಾಳ, ಇನ್ಯಾಕ ಬೇಕು ಈ ಕಾಗದ?” ಚಿಕಿತ್ಸೆ ಪಡೆದ ಆಸ್ಪತ್ರೆಯಲ್ಲಿ ವಿಚಾರಿಸಿದರೆ ಅಷ್ಟು ಹಳೆಯದು ಸಿಗುವುದಿಲ್ಲ ಎಂದರು. ಅಜ್ಜಿಯನ್ನು ನಾನು ದೂರುವುದಿಲ್ಲ. ನಮ್ಮ ಕಡೆ ಹೆಣ್ಣುಮಗಳ ಹಳೇ ಕಾಯಿಲೆ ಎಂದರೆ ಏನೆಂದು ತಮಗೂ ಗೊತ್ತು.

ಬಸುರಿಯಾದಾಗ ತಾಯಿ ಕಾರ್ಡಿನಲ್ಲಿ ತೂಕ, ಬಿಪಿ, ಹಿಮೋಗ್ಲೋಬಿನ್ ಎಲ್ಲ ಬರೆದರು. ಚಿಕ್ಕಂದಿನಲ್ಲಿ ಕಿಮೋ ಆಗಿತ್ತೇ ಎಂದು ಯಾರೂ ಕೇಳಲಿಲ್ಲ. ಬಸುರಿನಲ್ಲಿ ರಕ್ತದ ಪ್ರಮಾಣ ಏರಿ ಹೃದಯದ ಹೊರೆ ಹೆಚ್ಚುತ್ತದೆ. ಇಂಥ ಔಷಧಿ ಪಡೆದ ಹೆಣ್ಣುಮಕ್ಕಳಿಗೆ ಬಸುರಿಗೆ ಮೊದಲೋ ಮೊದಲ ಮೂರು ತಿಂಗಳೊಳಗೋ ಎಕೋ (ಹೃದಯದ ಸ್ಕ್ಯಾನ್) ಮಾಡಿಸಬೇಕೆಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಇದೆ. ಎಕೋ ಮಾಡಿಸಿಕೊಳ್ಳಬೇಕೆಂದು ನನಗೆ ತಿಳಿದದ್ದು ಹೆರಿಗೆಯಾದ ಮೇಲೆ.

ಹಾಗಂತ ದಯವಿಟ್ಟು ಇದನ್ನು ತಾಯಿ ಕಾರ್ಡಿನ ಮೇಲೆ ಬರೆಸಬೇಡಿ. ಆ ಕಾರ್ಡು ಅತ್ತೆಯ ಕೈಯಲ್ಲಿರುತ್ತದೆ, ಆಶಾ ಕಾರ್ಯಕರ್ತೆ ಅದೇ ಓಣಿಯವರು. ವೈದ್ಯರು ಬಸುರಿಯನ್ನು ಒಬ್ಬಳನ್ನೇ ಒಳಗೆ ಕರೆದು ಕೇಳಲಿ. ನನ್ನ ಯಜಮಾನರಿಗೆ ಎಲ್ಲ ಗೊತ್ತು, ಅತ್ತೆಗೆ ಈಗಲೂ ಗೊತ್ತಿಲ್ಲ. ಈ ಪತ್ರಕ್ಕೆ ಹೆಸರಿಲ್ಲದ್ದೂ ಅದಕ್ಕೇ.

ಇದು ಹೃದಯಕ್ಕೇ ಮುಗಿಯುವುದಿಲ್ಲ. ಸಿಸ್‌ಪ್ಲಾಟಿನ್ ಎಂಬ ಇನ್ನೊಂದು ಕ್ಯಾನ್ಸರ್ ಔಷಧಿ ಪಡೆದ ಕೆಲವು ಮಕ್ಕಳಿಗೆ ಮೊದಲು ಮಂದವಾಗುವುದು ಕೀರಲು ಸದ್ದುಗಳು. ಹೆಸರು ಹಿಡಿದು ಕರೆದರೆ ಓಗೊಡುತ್ತವೆ, ಉಕ್ತಲೇಖನದಲ್ಲಿ ‘ಸಾಲು’ ಹೋಗಿ ‘ಹಾಲು’ ಆಗುತ್ತದೆ, ನಾವು ಮೇಷ್ಟ್ರುಗಳು ಗಮನವಿಲ್ಲ ಎಂದು ಗದರುತ್ತೇವೆ. ತಲೆಗೆ ರೇಡಿಯೇಶನ್ ಆದವರಲ್ಲಿ ಬೆಳವಣಿಗೆ, ನೆನಪಿನ ಶಕ್ತಿ ಹಿಂದೆ ಬೀಳಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬರುತ್ತದಲ್ಲ, ಅವರಿಗೆ ಮಗುವಿನ ಹಿಂದಿನ ಚಿಕಿತ್ಸೆ ತಿಳಿದಿದ್ದರೆ ಸಾಕು, ಎಲ್ಲಿಗೆ ಕಳಿಸಬೇಕೆಂದು ಅವರಿಗೇ ಗೊತ್ತು.

ಆದ್ದರಿಂದ ನಾನು ಬೇಡುತ್ತಿರುವುದು ಹೊಸ ಆಸ್ಪತ್ರೆಯಲ್ಲ. ಚಿಕಿತ್ಸೆ ಮುಗಿಸಿ ಮನೆಗೆ ಕಳಿಸುವ ದಿನ ಪ್ರತಿ ಮಗುವಿಗೂ ಒಂದು ಹಾಳೆ ಕೊಡಿಸಿ: ಯಾವ ಔಷಧಿ, ಒಟ್ಟು ಎಷ್ಟು, ರೇಡಿಯೇಶನ್ ಎಲ್ಲಿಗೆ, ಮುಂದೆ ಯಾವ ಪರೀಕ್ಷೆ ಯಾವಾಗ. ಕನ್ನಡದಲ್ಲಿರಲಿ. ಅದರ ಪ್ರತಿ ಆಭಾ ಎಂಬ ಡಿಜಿಟಲ್ ಆರೋಗ್ಯ ಖಾತೆಯಲ್ಲೂ ಉಳಿಯಲಿ, ದೊಡ್ಡವರಾದ ಮೇಲೆ ತೋರಿಸುವುದೂ ಬಿಡುವುದೂ ಅವರ ಇಷ್ಟ. ಒಲೆಗೆ ಹಾಕಿದರೂ ಸುಡದ ಪ್ರತಿ ಒಂದಿರಬೇಕು. ಮುಂಬೈಯ ಟಾಟಾ ಆಸ್ಪತ್ರೆ ಚಿಕಿತ್ಸೆ ಮುಗಿದ ಮಕ್ಕಳಿಗೆಂದೇ 1991ರಲ್ಲಿ ಪ್ರತ್ಯೇಕ ಕ್ಲಿನಿಕ್ ತೆರೆದಿತ್ತು. ನಾವು ಹಾಳೆಯಿಂದಲಾದರೂ ಶುರುಮಾಡೋಣ.

ಎರಡನೆಯದು, ಎಕೋ ಮತ್ತು ಕಿವಿ ಪರೀಕ್ಷೆ ಜಿಲ್ಲಾ ಮಟ್ಟದಲ್ಲೇ ಉಚಿತವಾಗಿ ಆಗಲಿ. ಎಕೋ ಮಾಡುವ ಜಯದೇವ ಹೃದ್ರೋಗ ಸಂಸ್ಥೆ ಮೈಸೂರು, ಕಲಬುರಗಿಯಲ್ಲೂ ಇದೆ. ಆರಾಮಾಗಿ ಕಾಣುವ ಮಗುವನ್ನು ಕೂಲಿ ಬಿಟ್ಟು ಬೆಂಗಳೂರಿಗೆ ಕರೆದೊಯ್ಯುವ ಅಪ್ಪ ಅಮ್ಮ ಎಷ್ಟು ಜನ?

ಕಿದ್ವಾಯಿ ವೈದ್ಯಕೀಯ ಶಿಕ್ಷಣ ಇಲಾಖೆಗೆ ಸೇರಿದ್ದು, ತಾಲ್ಲೂಕು ಆಸ್ಪತ್ರೆ ತಮ್ಮದು. ಕಡತ ಎರಡು ಇಲಾಖೆಗಳ ನಡುವೆ ಓಡಾಡುವ ಬದಲು ಇಬ್ಬರೂ ಸಚಿವರು ಒಮ್ಮೆ ಒಟ್ಟಿಗೆ ಕೂತು ಹಾಳೆಯ ನಮೂನೆ ಅಂತಿಮಗೊಳಿಸಿ, ಸುತ್ತೋಲೆ ಹೊರಡಿಸಬೇಕಾಗಿ ವಿನಂತಿ.

ಇಂತಿ,
ಒಬ್ಬ ಶಾಲಾ ಶಿಕ್ಷಕಿ
ಹಾವೇರಿ ಜಿಲ್ಲೆ