ಸೀಲು ಬಿದ್ದಿದೆಯಾ ನೋಡಿಕೋ: ಮಗಳಿಗೊಂದು ಪತ್ರ

ಪುಟ್ಟೀ,

ನಿನ್ನೆ ನೀನು ಫೋನ್ ಕುಕ್ಕಿದ್ದು ಸರಿಯೇ. ಹೊರಡೋಕೆ ಎರಡು ದಿನ ಇರುವಾಗ ನಾನು ಅಷ್ಟು ಜೋರು ಮಾಡಬಾರದಿತ್ತು. ‘ಮ್ಯಾಪ್ ಇದೆಯಮ್ಮ, ದಾರಿ ಅದೇ ತೋರಿಸುತ್ತೆ’ ಅಂದೆ. ತೋರಿಸುತ್ತೆ, ಒಪ್ಪಿದೆ. ಬರ್ಲಿನ್‌ನಲ್ಲಿ ದಾರಿ ತಪ್ಪೋದು ಕಷ್ಟವೇ. ಆದರೆ ಸರಿಯಾದ ರೈಲಲ್ಲಿ ಕೂತು, ದುಡ್ಡು ಕೊಟ್ಟು ಕೊಂಡ ಟಿಕೆಟ್ ಕೈಯಲ್ಲೇ ಹಿಡಿದುಕೊಂಡು ದಂಡ ಕಟ್ಟೋದು ಬಲು ಸುಲಭ. ನಾನು ಹೇಳೋಕೆ ಹೊರಟಿದ್ದು ಅದನ್ನೇ, ಮಾತು ಎಲ್ಲೆಲ್ಲಿಗೋ ಹೋಯಿತು.

ಬಿಎಂಟಿಸಿ ಬಸ್ಸಲ್ಲಿ ಕಂಡಕ್ಟರ್ ತಾನಾಗಿ ಬಂದು ಕೇಳ್ತಾನೆ. ನಮ್ಮ ಮೆಟ್ರೋದಲ್ಲಿ ಗೇಟು ಅಡ್ಡ ನಿಲ್ಲುತ್ತೆ. ಅಲ್ಲಿ ಎರಡೂ ಇಲ್ಲ. ರಸ್ತೆಯಿಂದ ಮೆಟ್ಟಿಲು ಇಳಿದರೆ ನೇರ ಪ್ಲಾಟ್‌ಫಾರ್ಮು, ಎದುರಿಗೆ ರೈಲು. ಯಾರೂ ತಡೆಯೋದಿಲ್ಲ. ತಡೆಯೋದಿಲ್ಲ ಅನ್ನೋದೇ ತೊಂದರೆ.

ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಟಿಕೆಟ್ ತೆಗೆದ ತಕ್ಷಣ ಅದರ ಮೇಲೆ ದಿನ, ಗಂಟೆ ಅಚ್ಚಾಗಿದೆಯಾ ನೋಡು. ‘ಬಿಟೆ ಎಂಟ್‌ವೇರ್ಟನ್’ ಅಂತಿದ್ದರೆ ಆಗಿಲ್ಲ ಅಂತ ಅರ್ಥ. ಪಕ್ಕದಲ್ಲೇ ಕೆಂಪು ಇಲ್ಲವೇ ಹಳದಿ ಬಣ್ಣದ ಪುಟ್ಟ ಪೆಟ್ಟಿಗೆ ಇರುತ್ತೆ. ಅದರ ಬಾಯಿಗೆ ಟಿಕೆಟ್ಟಿನ ತುದಿ ತೂರಿಸಿದರೆ ಸೀಲು ಬೀಳುತ್ತೆ. ಒಂದು ಸಲ ಸಾಕು, ಅದೇ ಟಿಕೆಟ್ಟಿಗೆ ಎರಡನೇ ಸಲ ಒತ್ತಿಸಬೇಡ. ‘ಎಂಟ್‌ವೇರ್ಟನ್’ ಅನ್ನೋ ಆ ಜರ್ಮನ್ ಪದದ ಅಕ್ಷರಶಃ ಅರ್ಥ ‘ಬೆಲೆ ಕಳೆ’ ಅಂತ. ಬೆಲೆ ಕಳೆದ ಮೇಲೇ ಆ ಕಾಗದಕ್ಕೆ ಅಲ್ಲಿ ಬೆಲೆ, ತಮಾಷೆ ನೋಡು.

ತಪ್ಪು ಆಗೋದು ಹೀಗೆ. ಟಿಕೆಟ್ ಕೈಗೆ ಬರೋ ಹೊತ್ತಿಗೆ ರೈಲೂ ಬರುತ್ತೆ. ಒಳಗೆ ಒತ್ತಿಸಿದರಾಯಿತು ಅಂತ ಓಡಿ ಹತ್ತುತ್ತೀ. ಬಸ್ಸು, ಟ್ರಾಮ್‌ಗಳ ಒಳಗೆ ಆ ಪೆಟ್ಟಿಗೆ ಇರುತ್ತೆ. ಊ-ಬಾನ್ (ಅಲ್ಲಿನ ಮೆಟ್ರೋ), ಎಸ್-ಬಾನ್ (ಲೋಕಲ್ ರೈಲು) ಒಳಗೆ ಇರೋದಿಲ್ಲ. ಬಾಗಿಲು ಮುಚ್ಚಿದ ಮೇಲೆ, ಅಲ್ಲಿವರೆಗೂ ಎಲ್ಲರ ಹಾಗೆ ಜಾಕೆಟ್ ಹಾಕಿಕೊಂಡು ಕೂತಿದ್ದ ಇಬ್ಬರು ಎದ್ದು ಟಿಕೆಟ್ ಕೇಳ್ತಾರೆ. ಸೀಲಿಲ್ಲದ ಟಿಕೆಟ್ ಟಿಕೆಟ್ಟೇ ಅಲ್ಲ: 60 ಯೂರೋ. ಹೊಸಬಳು, ಗೊತ್ತಿರಲಿಲ್ಲ ಅನ್ನೋ ಮಾತು ಅಲ್ಲಿ ನಡೆಯೋದಿಲ್ಲ. ವಾದ ಮಾಡಬೇಡ (ನಿನ್ನ ಬಾಯಿ ನನಗೆ ಗೊತ್ತು). ಅವರ ಗುರುತಿನ ಕಾರ್ಡ್ ತೋರಿಸಿ ಅಂತ ಕೇಳು, ರಸೀದಿ ಇಲ್ಲದೆ ಕೈಗೆ ದುಡ್ಡು ಕೊಡಬೇಡ. ಒಂದು ರೈಲು ಹೋದರೆ ಹೋಗಲಿ, ಹಗಲಲ್ಲಿ ಕೆಲವೇ ನಿಮಿಷಕ್ಕೆ ಇನ್ನೊಂದು ಬರುತ್ತೆ. ಆ್ಯಪಲ್ಲಿ ಕೊಳ್ಳೋದಾದರೆ ಹತ್ತೋ ಮೊದಲೇ ಕೊಂಡಿರು, ಫೋನಲ್ಲಿ ಚಾರ್ಜ್ ಇರಲಿ.

ಎರಡನೇ ತೊಡಕು ಟಿಕೆಟ್ ವಲಯಗಳದ್ದು. ಎ ಅಂದರೆ ಊರಿನ ನಡುಭಾಗವನ್ನು ಸುತ್ತೋ ರಿಂಗ್ ರೈಲಿನ ಒಳಗಿನ ಊರು, ಬಿ ಅಂದರೆ ನಗರದ ಗಡಿವರೆಗೆ, ಸಿ ಅಂದರೆ ಅದರಾಚೆ. ನೀನು ಇಳಿಯೋ ವಿಮಾನ ನಿಲ್ದಾಣ ಸಿ ವಲಯದಲ್ಲಿದೆ. ಎಬಿ ಟಿಕೆಟ್ ತಗೊಂಡು ಹತ್ತಿದರೆ ಸೀಲು ಬಿದ್ದಿದ್ದರೂ ದಂಡವೇ. ಮೊದಲ ದಿನ ಎಬಿಸಿ ತಗೋ. ಎಫ್‌ಇಎಕ್ಸ್ ಅನ್ನೋ ಎಕ್ಸ್‌ಪ್ರೆಸ್ ರೈಲಿಗೂ ಅದೇ ಟಿಕೆಟ್ ನಡೆಯುತ್ತೆ, ಬೇರೆ ಚಾರ್ಜ್ ಇಲ್ಲ. ಊರೊಳಗೆ ತಿರುಗೋಕೆ ಎಬಿ ಸಾಕು. ಪಾಟ್ಸ್‌ಡಾಮ್ ಅರಮನೆ ನೋಡೋ ದಿನ ಮತ್ತೆ ಎಬಿಸಿ.

ಒಂಟಿ ಟಿಕೆಟ್ 2 ಗಂಟೆ ನಡೆಯುತ್ತೆ. ರೈಲು ಬಿಟ್ಟು ಬಸ್ಸು ಹಿಡಿಯಬಹುದು, ನಡುವೆ ಇಳಿದು ಕಾಫಿ ಕುಡಿಯಬಹುದು. ಬಂದ ದಾರೀಲಿ ವಾಪಸ್ಸು ಮಾತ್ರ ಹೋಗೋ ಹಾಗಿಲ್ಲ. ದಿನಕ್ಕೆ ಮೂರು ಸಲ ಹತ್ತೋದಾದರೆ 24 ಗಂಟೆ ಟಿಕೆಟ್ಟೇ ಅಗ್ಗ. ಅದರ ಲೆಕ್ಕ ಮಧ್ಯರಾತ್ರಿಗೆ ಮುಗಿಯೋದಿಲ್ಲ, ಸೀಲು ಬಿದ್ದ ಗಳಿಗೆಯಿಂದ ಶುರು. ನೋಡು, ಮತ್ತೆ ಸೀಲಿಗೇ ಬಂದೆ.

ಉಳಿದದ್ದು ನೀನೇ ಕಲಿಯುತ್ತೀ. ಆದರೂ ಹೇಳ್ತೀನಿ. ಎಸ್3, ಎಸ್5, ಎಸ್7, ಎಸ್9 ನಾಲ್ಕೂ ಊರಿನ ನಡುವೆ ಒಂದೇ ಹಳಿ ಮೇಲೆ ಓಡ್ತಾವೆ. ಝೂ, ಹೌಪ್ಟ್‌ಬಾನ್‌ಹೋಫ್, ಫ್ರೀಡ್ರಿಖ್‌ಸ್ಟ್ರಾಸ, ಅಲೆಕ್ಸಾಂಡರ್‌ಪ್ಲಾಟ್ಸ್ ಈ ನಿಲ್ದಾಣಗಳ ಮಧ್ಯೆ ಯಾವುದು ಬಂದರೂ ಹತ್ತು, ದಿಕ್ಕು ಮಾತ್ರ ನೋಡಿಕೋ. ರಿಂಗಲ್ಲಿ ಎಸ್41 ಗಡಿಯಾರದ ಮುಳ್ಳಿನ ಹಾಗೆ ಸುತ್ತುತ್ತೆ, ಎಸ್42 ತಿರುಗಾಮುರುಗಾ. ಪೂರ್ತಿ ಸುತ್ತಿಗೆ ಸುಮಾರು ಒಂದು ಗಂಟೆ. ಬಾಗಿಲು ತಾನಾಗಿ ತೆರೆಯುತ್ತೆ ಅಂತ ಕಾಯಬೇಡ, ಗುಂಡಿ ಒತ್ತು. ಊರು ನೋಡೋಕೆ ಟೂರಿಸ್ಟ್ ಬಸ್ಸಿಗೆ ದುಡ್ಡು ಸುರಿಯಬೇಡ. 100ನೇ ನಂಬರಿನ ಬಸ್ಸು ಝೂ ಹತ್ತಿರದಿಂದ ಅಲೆಕ್ಸಾಂಡರ್‌ಪ್ಲಾಟ್ಸ್‌ಗೆ ಸಂಸತ್ ಭವನ, ಮ್ಯೂಸಿಯಂಗಳ ದ್ವೀಪ ಎಲ್ಲ ದಾಟಿಕೊಂಡು ಹೋಗುತ್ತೆ. ಮಾಳಿಗೆ ಮೇಲಿನ ಮುಂದಿನ ಸೀಟು ಹಿಡಿ. ಫುಟ್‌ಪಾತ್ ಮೇಲೆ ಕೆಂಪು ಪಟ್ಟಿ ಕಂಡರೆ ಅದು ಸೈಕಲ್ ದಾರಿ, ಅಲ್ಲಿ ನಿಂತು ಫೋಟೋ ತೆಗೆಯಬೇಡ. ಶುಕ್ರವಾರ, ಶನಿವಾರ ರಾತ್ರಿ ಊ-ಬಾನ್ ಬೆಳಗಿನವರೆಗೂ ಓಡುತ್ತೆ. ಬೇರೆ ರಾತ್ರಿ ನಿಂತಾಗ ‘ಎನ್’ ಅಕ್ಷರದ ಬಸ್ಸು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಹಾಲು ಬ್ರೆಡ್ಡು ಶನಿವಾರವೇ ತಂದಿಡು.

ಫ್ರೀಡ್ರಿಖ್‌ಸ್ಟ್ರಾಸದಲ್ಲಿ ಇಳಿದರೆ ಪಕ್ಕದಲ್ಲೇ ಗಾಜಿನ ಗೋಡೆಯ ಒಂದು ಕಟ್ಟಡ ಇದೆ, ಟ್ರೇನನ್‌ಪಲಾಸ್ಟ್, ಕಣ್ಣೀರಿನ ಅರಮನೆ. ಊರನ್ನು ಪೂರ್ವ, ಪಶ್ಚಿಮ ಅಂತ ಸೀಳಿದ್ದ ಬರ್ಲಿನ್ ಗೋಡೆ ಇದ್ದ ಕಾಲದಲ್ಲಿ ಪಶ್ಚಿಮದಿಂದ ಬಂದ ನೆಂಟರನ್ನು ಪೂರ್ವದವರು ಅಲ್ಲಿವರೆಗೆ ಬಂದು ಕಳಿಸಿಕೊಡುತ್ತಿದ್ದರು, ಅಲ್ಲಿಂದ ಮುಂದೆ ಬರೋ ಹಾಗಿರಲಿಲ್ಲ. ಈಗ ಮ್ಯೂಸಿಯಂ, ಪ್ರವೇಶ ಉಚಿತ, ಸೋಮವಾರ ರಜೆ. ಅರ್ಧ ಗಂಟೆ ಇಟ್ಟುಕೋ.

ನಿನ್ನ ದುಡ್ಡಲ್ಲಿ, ಒಬ್ಬಳೇ ಹೋಗ್ತಾ ಇದ್ದೀಯ. ಅದನ್ನು ನಿನ್ನ ಚಿಕ್ಕಮ್ಮಂದಿರಿಗೆಲ್ಲ ಫೋನ್ ಮಾಡಿ ಹೇಳಿದ್ದೀನಿ, ನಿನಗೊಬ್ಬಳಿಗೆ ಹೇಳಿರಲಿಲ್ಲ. ನಿನ್ನೆ ಅಂದದ್ದರಲ್ಲಿ ಅರ್ಧ ಮಾತು ಬಿಟ್ಟುಬಿಡು. ಯಾವ ಅರ್ಧ ಅಂತ ನಿನಗೇ ಗೊತ್ತು.

ತಲುಪಿದ ಮೇಲೆ ಫೋನ್ ಮಾಡಲೇಬೇಕು ಅಂತೇನಿಲ್ಲ. ಮೊದಲ ಟಿಕೆಟ್ಟಿನ ಒಂದು ಫೋಟೋ ಕಳಿಸು, ಗಂಟೆ ಅಚ್ಚಾಗಿರೋದು ಕಾಣೋ ಹಾಗೆ.

ನಿನ್ನ
ಅಮ್ಮ